ಏಳು ಜನ, ಏಳು ಬೆಲ್ಟು

“ನೀವೆಲ್ಲ ಹೋಗಿ ಬನ್ನಿ. ಮನೆ ಕಾಯಲಿಕ್ಕೆ ಒಬ್ಬರಾದರೂ ಬೇಕಲ್ಲ.”

ನಮ್ಮ ಯಜಮಾನರು ಹೀಗೆ ಹೇಳಲು ಶುರುಮಾಡಿ ವರ್ಷ ಕಳೆದಿತ್ತು. ತಂಗಿಯ ಮಗನ ಮದುವೆಗೆ ಬರಲಿಲ್ಲ. ಸಾಗರದ ಮಾರಿಜಾತ್ರೆ ಇಲ್ಲೇ ಎರಡು ಕಿಲೋಮೀಟರ್ ದೂರದಲ್ಲಿ ನಡೆದರೂ ಬರಲಿಲ್ಲ. ಮೊದಲೆಲ್ಲ ಯಾರಾದರೂ ‘ಜೋಗಕ್ಕೆ ಹೋಗೋಣವಾ’ ಎಂದರೆ ಅಂಗಿ ಹಾಕುವ ಮೊದಲೇ ಗಾಡಿಯ ಕೀಲಿ ಕೈಗೆತ್ತಿಕೊಳ್ಳುತ್ತಿದ್ದ ಮನುಷ್ಯ. ಮಂಡಿಯ ಶಸ್ತ್ರಚಿಕಿತ್ಸೆ ಆದಮೇಲೆ ಬೇಸರ ಹತ್ತಿದೆ, ಸರಿಹೋಗುತ್ತದೆ ಎಂದು ನಾವೆಲ್ಲ ಸುಮ್ಮನಿದ್ದೆವು.

ಎರಡನೇ ತರಗತಿಯಲ್ಲಿರುವ ನಮ್ಮ ಪುಟ್ಟ ಒಂದು ದಿನ ತಿಂಡಿ ತಿನ್ನುತ್ತಾ ಹೇಳಿಬಿಟ್ಟ: “ಅಜ್ಜನಿಗೆ ಬೇಸರ ಏನೂ ಇಲ್ಲ. ವ್ಯಾನ್ ಹತ್ತಲಿಕ್ಕೆ ಆಗುವುದಿಲ್ಲ. ನಾನು ನೋಡಿದ್ದೇನೆ, ಒಬ್ಬರೇ ಇದ್ದಾಗ ಹತ್ತಿ ನೋಡುತ್ತಿದ್ದರು.”

ದೋಸೆ ಹುಯ್ಯುತ್ತಿದ್ದ ನನ್ನ ಕೈ ನಿಂತಿತು. ನಲವತ್ತೈದು ವರ್ಷ ಜೊತೆಗಿದ್ದ ನನಗೆ ಕಾಣದ್ದು ಏಳು ವರ್ಷದವನಿಗೆ ಕಂಡಿತ್ತು.

ನಮ್ಮ ಹಳೆಯ ವ್ಯಾನ್

ಆಗ ನಮ್ಮಲ್ಲಿದ್ದದ್ದು 2004ರಲ್ಲಿ ಕೊಂಡ ಮಾರುತಿ ಓಮ್ನಿ. ಮಕ್ಕಳೇ, ಓಮ್ನಿಯ ಕಥೆ ನಿಮಗೆ ಗೊತ್ತಿರಲಿಕ್ಕಿಲ್ಲ. ಅಜ್ಜ-ಅಜ್ಜಿಯರಿಗೆ ನೆನಪಿರುತ್ತದೆ. ಮಾರುತಿ 800 ಕಾರು 1983ರ ಡಿಸೆಂಬರಿನಲ್ಲಿ ಬಂತು. ಮರುವರ್ಷವೇ, 1984ರಲ್ಲಿ, ಅದೇ 796 ಸಿ.ಸಿ.ಯ ಮೂರು ಸಿಲಿಂಡರ್ ಎಂಜಿನ್ನನ್ನು ಮುಂದಿನ ಸೀಟಿನ ಕೆಳಗೆ ಕೂರಿಸಿ ‘ಮಾರುತಿ ವ್ಯಾನ್’ ಮಾಡಿದರು. 1988ರಲ್ಲಿ ಅದಕ್ಕೆ ಓಮ್ನಿ ಎಂಬ ಹೆಸರು ಬಂತು. ಮೂರೂವರೆ ಮೀಟರೂ ಉದ್ದವಿಲ್ಲದ ಆ ಡಬ್ಬಿಯಂಥ ಗಾಡಿ ನಮ್ಮ ಊರುಗಳಲ್ಲಿ ಮಾಡದ ಕೆಲಸವಿಲ್ಲ. ಬೆಳಿಗ್ಗೆ ಶಾಲೆಯ ವ್ಯಾನ್, ಮಧ್ಯಾಹ್ನ ಬೇಕರಿಯ ವ್ಯಾನ್, ರಾತ್ರಿ ಆಂಬ್ಯುಲೆನ್ಸ್. ಸಿನಿಮಾದಲ್ಲಿ ಮಾತ್ರ ಕಳ್ಳರ ಗಾಡಿ! ಪಕ್ಕಕ್ಕೆ ಸರಿಯುವ ಬಾಗಿಲು ಇದ್ದದ್ದರಿಂದ ಎಷ್ಟೇ ಇಕ್ಕಟ್ಟಿನ ಓಣಿಯಲ್ಲೂ ಹತ್ತಿ ಇಳಿಯಬಹುದಿತ್ತು. ಅಪಘಾತದ ಸುರಕ್ಷತೆಯ ಹೊಸ ನಿಯಮಗಳು ಬಂದಾಗ, 2019ರಲ್ಲಿ, ಅದರ ತಯಾರಿಕೆ ನಿಂತಿತು.

ಓಮ್ನಿ ಹುಟ್ಟಿದ ಹೊತ್ತಿನಲ್ಲೇ ಅಮೆರಿಕದಲ್ಲಿ ಕ್ರೈಸ್ಲರ್ ಕಂಪನಿ ಮನೆಮಂದಿಯ ‘ಮಿನಿವ್ಯಾನ್’ ಎಂಬ ಹೊಸ ಬಗೆಯ ಗಾಡಿಯನ್ನು ಮಾರುಕಟ್ಟೆಗೆ ತಂದಿತ್ತು. ಎಂಜಿನ್ ಮುಂದಿನ ಚಕ್ರಗಳನ್ನೇ ತಿರುಗಿಸುವುದರಿಂದ ಹಿಂದಕ್ಕೆ ಹೋಗುವ ಉದ್ದನೆಯ ದಂಡ ಅದಕ್ಕೆ ಬೇಕಿರಲಿಲ್ಲ. ಹಾಗಾಗಿ ನೆಲವನ್ನು ತಗ್ಗಿಸಬಹುದಿತ್ತು. ನೆಲ ತಗ್ಗಿದರೆ ಮಕ್ಕಳಿಗೂ ಮುದುಕರಿಗೂ ಹತ್ತುವುದು ಸುಲಭ. ನಮ್ಮ ಕರ್ನಾಟಕದ ಬಿಡದಿಯಲ್ಲೂ ಮೊದಲು ಟೊಯೋಟಾ ಕ್ವಾಲಿಸ್, ಆಮೇಲೆ 2005ರಲ್ಲಿ ಇನ್ನೋವಾ ತಯಾರಾಗತೊಡಗಿದವು. ಈಗ ಏಳು ಸೀಟಿನ ಗಾಡಿಗಳು ಚಿಕ್ಕವು, ದೊಡ್ಡವು ಹಲವು ಇವೆ.

ನಮ್ಮ ವ್ಯಾನಿನಲ್ಲಿ ಲೆಕ್ಕಕ್ಕೆ ಸೀಟು ಐದು. ಕೂರುತ್ತಿದ್ದವರು ಏಳು, ಜಾತ್ರೆಯ ದಿನ ಒಂಬತ್ತು. ಆಗ ಅದು ತಪ್ಪೆಂದು ನಮಗೆ ಅನ್ನಿಸಿಯೇ ಇರಲಿಲ್ಲ. ಮುಂದಿನ ಸೀಟು ಚಕ್ರದ ಮೇಲೆ ಇರುವುದರಿಂದ ಕಾಲನ್ನು ಎತ್ತಿ, ದೇಹವನ್ನು ತಿರುಗಿಸಿ ಹತ್ತಬೇಕು. ಹೊಸ ಮಂಡಿಗೆ ಅದು ಕೂಡದು.

ಮೂರು ಹೊಲಿಗೆ

2024ರ ಬೇಸಿಗೆಯಲ್ಲಿ ತಾಳಗುಪ್ಪದ ದಾರಿಯಲ್ಲಿ ಒಂದು ಕರು ರಸ್ತೆಗೆ ಹಾರಿತು. ಮಗ ಬ್ರೇಕ್ ಒತ್ತಿದ. ಗಾಡಿ ನಿಂತಿತು, ಕರು ಉಳಿಯಿತು. ನನ್ನ ಮಡಿಲಲ್ಲಿದ್ದ ಪುಟ್ಟ ಮಾತ್ರ ನಿಲ್ಲಲಿಲ್ಲ. ಮುಂದಿನ ಸೀಟಿನ ಕಂಬಿಗೆ ಹಣೆ ಬಡಿದು ರಕ್ತ ಬಂತು. ಮೂರು ಹೊಲಿಗೆ. ಗಾಡಿಯ ತಪ್ಪಲ್ಲ, ಕರುವಿನ ತಪ್ಪೂ ಅಲ್ಲ. ‘ನಾನು ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ’ ಎಂದುಕೊಂಡ ನನ್ನದೇ ತಪ್ಪು.

ನಾನು ಮೂವತ್ತು ವರ್ಷ ಮಕ್ಕಳಿಗೆ ಗಣಿತ ಹೇಳಿಕೊಟ್ಟವಳು. ಆ ರಾತ್ರಿ ನಿದ್ದೆ ಬಾರದೆ ಲೆಕ್ಕ ಹಾಕಿದೆ. ಗಂಟೆಗೆ 50 ಕಿ.ಮೀ. ವೇಗವೆಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಆ ವೇಗದಲ್ಲಿ ಏನಕ್ಕಾದರೂ ಡಿಕ್ಕಿ ಹೊಡೆದು ಅರ್ಧ ಮೀಟರಿನೊಳಗೆ ನಿಲ್ಲಬೇಕಾದರೆ, 20 ಕಿಲೋ ತೂಗುವ ಮಗುವನ್ನು ಹಿಡಿದಿಡಲು ಸುಮಾರು 400 ಕಿಲೋ ಎತ್ತುವಷ್ಟು ಬಲ ಬೇಕು. ಎಂಟು ಅಡಿಕೆ ಮೂಟೆ! ಯಾವ ಅಜ್ಜಿಯ ತೋಳಿಗೆ ಅಷ್ಟು ಶಕ್ತಿ ಇದೆ? ಪ್ರೀತಿ ಎಷ್ಟಾದರೂ ಇರಲಿ, ಮಡಿಲು ಬೆಲ್ಟಾಗುವುದಿಲ್ಲ. ಕಾನೂನೂ ಅದನ್ನೇ ಹೇಳುತ್ತದೆ: 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟಾಗಲಿ ಮಕ್ಕಳ ಸೀಟಾಗಲಿ ಇಲ್ಲದೆ ಕರೆದೊಯ್ದರೆ ದೊಡ್ಡವರಿಗೆ 1000 ರೂಪಾಯಿ ದಂಡ.

ಖಾಸಗಿ ಗಾಡಿಯ ನೋಂದಣಿ ಮೊದಲು 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ಆಗಬೇಕು. ನಮ್ಮ ವ್ಯಾನಿನ ಎರಡನೇ ಅವಧಿಯೂ ಅದೇ ವರ್ಷ ಮುಗಿಯುವುದಿತ್ತು. ಹೊಸ ಗಾಡಿ ತರುವುದೆಂದು ತೀರ್ಮಾನವಾಯಿತು.

ಟೇಪು ಹಿಡಿದು ಹೊರಟೆವು

ಮಗನಿಗೆ ಎತ್ತರದ, ಗತ್ತಿನ ಗಾಡಿ ಬೇಕಿತ್ತು. ಮಕ್ಕಳಿಗೆ ಛಾವಣಿಯಲ್ಲಿ ಕಿಟಕಿ ಇರುವುದು. ಸೊಸೆಗೆ ಕಂತು ಹಗುರ ಇರುವುದು. ಅವಳ ತಾಯಿ, ಅಂದರೆ ನಮ್ಮ ಬೀಗಿತ್ತಿ, ನಮ್ಮ ಜೊತೆಯಲ್ಲೇ ಇರುತ್ತಾರೆ. ಅವರಿಗೆ ವಾಕರಿಕೆ ಬರಿಸದ ಗಾಡಿ ಬೇಕು. ಯಜಮಾನರು ಮಾತ್ರ ‘ಇರುವುದೇ ಸಾಕು’ ಎಂದು ಪತ್ರಿಕೆಯಲ್ಲಿ ಮುಖ ಹುದುಗಿಸಿದರು.

ನಾನು ಎಂಟನೇ ತರಗತಿಯ ಮೊಮ್ಮಗಳ ಕೈಗೆ ಟೇಪು ಮತ್ತು ನೋಟ್‌ಬುಕ್ ಕೊಟ್ಟೆ. ಅವಳೂ ತಮ್ಮನೂ ಮೊದಲು ನಮ್ಮ ಓಣಿಯನ್ನು ಅಳೆದರು. ಅತ್ಯಂತ ಇಕ್ಕಟ್ಟಾದ ಕಡೆ, ಚರಂಡಿಯ ಪಕ್ಕ, 8 ಅಡಿ 2 ಅಂಗುಲ. ಓಮ್ನಿಯ ಅಗಲ ನಾಲ್ಕೂ ಮುಕ್ಕಾಲು ಅಡಿಗಿಂತ ಕಡಿಮೆ. ಈಗಿನ ಏಳು ಸೀಟಿನ ಗಾಡಿಗಳು ಬಹುಮಟ್ಟಿಗೆ 5 ಅಡಿ 8 ಅಂಗುಲ ಅಥವಾ ಅದಕ್ಕಿಂತ ಹೆಚ್ಚು, ಕೆಲವು 6 ಅಡಿಗೂ ಮೀರಿ. ಮಾರುವವರ ಪುಸ್ತಕದಲ್ಲಿರುವ ಅಗಲಕ್ಕೆ ಎರಡೂ ಕಡೆಯ ಕನ್ನಡಿ ಸಾಮಾನ್ಯವಾಗಿ ಸೇರಿರುವುದಿಲ್ಲ. ಮೊಮ್ಮಗಳು ಅದನ್ನೂ ಕೂಡಿಸಿ ಎರಡು ದೊಡ್ಡ ಗಾಡಿಗಳನ್ನು ಅಲ್ಲೇ ಹೊಡೆದುಹಾಕಿದಳು. ಮಗನ ಮುಖ ಚಿಕ್ಕದಾಯಿತು.

ಆಮೇಲೆ ಯಜಮಾನರು ಸುಲಭವಾಗಿ ಕೂತೇಳುವ ಜಗಲಿಯ ಬೆಂಚನ್ನು ಅಳೆದೆವು. 22 ಅಂಗುಲ. ಹೊಸ ಗಾಡಿಯ ಸೀಟಿನ ಅಂಚು ಇದಕ್ಕಿಂತ ತೀರ ಮೇಲೂ ಇರಬಾರದು, ತೀರ ಕೆಳಗೂ ಇರಬಾರದು. ಮೇಲಿದ್ದರೆ ಹತ್ತುವುದು ಕಷ್ಟ, ಕೆಳಗಿದ್ದರೆ ಏಳುವುದು ಕಷ್ಟ.

ಯಜಮಾನರನ್ನು ಅಂಗಡಿಗೆ ಕರೆದೊಯ್ಯುವುದೇ ದೊಡ್ಡ ಕೆಲಸವಾಯಿತು. “ಇಪ್ಪತ್ತು ವರ್ಷ ವ್ಯಾನ್ ಓಡಿಸಿದವರು ನೀವು. ನೀವು ಒಪ್ಪದೆ ತರುವುದು ಹೇಗೆ?” ಎಂದು ಮಗ ಕೇಳಿದ. ಪರೀಕ್ಷಕರಾಗಿ ಬರಲು ಒಪ್ಪಿದರು!

ಹಿಂದಿನ ಸಾಲಿನ ಪರೀಕ್ಷೆ

ಏಳೂ ಜನ ಅಂಗಡಿಗೆ ಇಳಿದಾಗ ಅಲ್ಲಿಯ ಹುಡುಗ ಗಾಬರಿಯಾದ. ಅವನು ದೊಡ್ಡ ಪರದೆ, ಹಾಡು, ಬಣ್ಣದ ದೀಪ ಎಲ್ಲವನ್ನೂ ತೋರಿಸಿದ. ನಾನು ಕೇಳಿದ್ದು ಒಂದೇ: “ಮೂರನೇ ಸಾಲಿಗೆ ಹೋಗುವುದು ಹೇಗೆ ಮಗಾ?”

ಏಳು ಸೀಟಿನ ಗಾಡಿಯ ಗುಟ್ಟು ಇರುವುದು ಅಲ್ಲೇ. ಬಹಳ ಗಾಡಿಗಳಲ್ಲಿ ಎರಡನೇ ಸಾಲನ್ನು ಮಡಚಿ, ಬಗ್ಗಿ ತೂರಬೇಕು. ಒಳಗೆ ನೆಲ ಎತ್ತರ, ಸೀಟು ತಗ್ಗು. ದೊಡ್ಡವರ ಮಂಡಿ ಗಲ್ಲಕ್ಕೆ ಬರುತ್ತದೆ. ‘ಗಾಡಿ ಕೊಳ್ಳುವವನೇ ಹಿಂದಿನ ಸಾಲಿನಲ್ಲಿ ಕೂರಬೇಕು’ ಎಂದು ನಾನು ನಿಯಮ ಮಾಡಿದೆ. ಮಗನನ್ನು ಅಲ್ಲಿ ಕೂರಿಸಿ ಹತ್ತು ನಿಮಿಷ ಊರು ಸುತ್ತಿಸಿದೆವು. ಮೊದಲ ಗಾಡಿಯಿಂದ ಅವನು ಸೊಂಟ ಹಿಡಿದುಕೊಂಡು ಇಳಿದ. ಅದು ಅಲ್ಲಿಗೇ ಮುಗಿಯಿತು.

ಎರಡನೆಯದರಲ್ಲಿ ಏಳೂ ಜನ ಕೂತಾಗ ಹಿಂದೆ ಉಳಿದ ಜಾಗಕ್ಕೆ ಯಜಮಾನರ ವಾಕರ್ ಹಿಡಿಸಲಿಲ್ಲ. ಸಿ.ಎನ್.ಜಿ. ಬೇಕೆಂದವರಿಗೂ ಇದೇ ಮಾತು: ಸಿಲಿಂಡರ್ ಎಲ್ಲಿ ಕೂರುತ್ತದೆ, ಚೀಲಕ್ಕೆ ಎಷ್ಟು ಜಾಗ ಉಳಿಯುತ್ತದೆ ಎಂದು ಮೊದಲು ನೋಡಬೇಕು. ಮೂರನೆಯದರಲ್ಲಿ ಪುಟ್ಟ ಬೆಲ್ಟು ಎಣಿಸಿದ. ಏಳಕ್ಕೆ ಏಳೂ ಹೆಗಲ ಮೇಲಿಂದ ಬರುವಂಥವು. ಹಿಂದಿನ ಸಾಲಿಗೂ ತಲೆಯಾಸರೆ ಇತ್ತು. ಮಡಚಿದ ವಾಕರ್ ನಿಲ್ಲಿಸಿ ಎರಡು ಚೀಲ ಇಡುವಷ್ಟು ಜಾಗವಿತ್ತು.

ಯಜಮಾನರ ಸರದಿ ಬಂತು. ಫಿಸಿಯೋಥೆರಪಿಯವರು ಹೇಳಿಕೊಟ್ಟಂತೆ ಬೆನ್ನನ್ನು ಸೀಟಿಗೆ ಮಾಡಿ ನಿಂತರು. ಮೊದಲು ಕೂತರು, ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಒಳಗೆಳೆದುಕೊಂಡರು. ಯಾರ ಕೈಯನ್ನೂ ಹಿಡಿಯಲಿಲ್ಲ. ಸ್ವಲ್ಪ ಹೊತ್ತು ಕನ್ನಡಿಯಲ್ಲಿ ಏನನ್ನೋ ನೋಡುತ್ತಾ ಇದ್ದು, “ಬಾಗಿಲು ಹಾಕಿ, ಹೋಗೋಣ” ಎಂದರು. ಛಾವಣಿಗೆ ಕಿಟಕಿ ಇಲ್ಲವಲ್ಲ ಎಂದು ಮಕ್ಕಳು ಆ ದಿನ ಕೇಳಲೇ ಇಲ್ಲ.

ಹೆಸರು ಬರೆದರೆ ಜಾಹೀರಾತಾದೀತು. ನಿಮ್ಮ ಓಣಿ, ನಿಮ್ಮ ಮಂಡಿ, ನಿಮ್ಮ ಹಣ ಬೇರೆ. ಟೇಪು ಹಿಡಿದು ನೀವೇ ಅಳೆದುಕೊಳ್ಳಿ.

ಹಳೆಯ ವ್ಯಾನನ್ನು ಸಂತೆಗೆ ತರಕಾರಿ ಒಯ್ಯುವ ಪರಿಚಯದವರೊಬ್ಬರು ಕೊಂಡರು. ಕೊಡುವ ದಿನ ಯಜಮಾನರು ಅದರ ಬಾಗಿಲನ್ನು ಒಮ್ಮೆ ಸರ್‌ರೆಂದು ಎಳೆದು ಹಾಕಿದರು. ಮತ್ತೆ ಒಳಗೆ ಹೋಗಿ ಕೂತರು. ಯಾರೂ ಮಾತಾಡಿಸಲಿಲ್ಲ.

ಒಂದು ವರ್ಷ ಕಲಿಸಿದ್ದು

ಹೊಸ ಗಾಡಿ ಬಂದ ಮೇಲೂ ನಾವು ಕಲಿಯುವುದು ಬಹಳ ಇತ್ತು. ಏಳು ಸೀಟು ತುಂಬಿದರೆ ಸಾಮಾನಿಗೆ ಜಾಗ ಇಲ್ಲ. ಈಗ ತಲೆಗೊಂದು ಚೀಲ, ಅದೂ ಶಾಲೆಯ ಚೀಲದಷ್ಟು, ಕಾಲಬುಡದಲ್ಲಿ. ಹಲಸಿನ ಹಣ್ಣು ತರುವ ದಿನ ಹಿಂದಿನ ಅರ್ಧ ಸೀಟು ಮಡಚುತ್ತೇವೆ, ಒಬ್ಬರು ಮನೆಯಲ್ಲಿ ಉಳಿಯುತ್ತಾರೆ. ಹಣ್ಣು ಬೇಕೋ ಅತ್ತೆ ಬೇಕೋ ಎಂದು ಬೀಗಿತ್ತಿ ತಮಾಷೆ ಮಾಡುತ್ತಾರೆ.

ತುಂಬಿದ ಗಾಡಿಗೆ ಚಕ್ರದ ಗಾಳಿ ಹೆಚ್ಚು ಬೇಕು. ಎಷ್ಟು ಎಂದು ಚಾಲಕರ ಬಾಗಿಲಿನ ಹತ್ತಿರ ಚೀಟಿ ಅಂಟಿಸಿರುತ್ತಾರೆ. ಅದನ್ನು ಓದುವ ಕೆಲಸ ಮೊಮ್ಮಗಳದ್ದು. ಘಾಟಿ ಇಳಿಯುವಾಗ ಏಳು ಜನರ ಭಾರವೂ ತಳ್ಳುತ್ತದೆ. ಬರೀ ಬ್ರೇಕ್ ಒತ್ತುತ್ತಿದ್ದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ, ಕೆಳಗಿನ ಗೇರಿನಲ್ಲೇ ಇಳಿಯಬೇಕು. ಹಿಂದಿನ ಸಾಲಿನಲ್ಲಿ ಕೂತು ಮೊಬೈಲ್ ನೋಡಿದರೆ ಹೊಟ್ಟೆ ತೊಳಸುತ್ತದೆ. ಕಿವಿಯೊಳಗಿನ ಅಂಗ ‘ತಿರುಗುತ್ತಿದ್ದೇವೆ’ ಎನ್ನುತ್ತದೆ, ಕಣ್ಣು ‘ಇಲ್ಲ, ನಿಂತಿದ್ದೇವೆ’ ಎನ್ನುತ್ತದೆ. ಆ ಜಗಳ ಹೊಟ್ಟೆಗೆ ಬರುತ್ತದೆ. ದೂರದ ಗುಡ್ಡ ನೋಡುತ್ತಾ ಕೂತರೆ ಇಬ್ಬರೂ ರಾಜಿಯಾಗುತ್ತಾರೆ. ಬೀಗಿತ್ತಿಗೆ ಈ ಉಪಾಯ ಹೇಳಿಕೊಟ್ಟದ್ದು ಮೊಮ್ಮಗಳೇ.

ಪುಟ್ಟನಿಗೆ ಎತ್ತರಿಸಿದ ಕೂರುಮಣೆಯಂಥ ಸೀಟು ತಂದೆವು. ಬೆಲ್ಟು ಕುತ್ತಿಗೆಯ ಮೇಲಲ್ಲ, ಹೆಗಲ ಮೇಲೆ ಹಾಯಬೇಕು. ಕೆಳಗಿನದು ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ. ಮೊದಲು ಅತ್ತ. ಅಜ್ಜ ತನ್ನ ಬೆಲ್ಟು ಹಾಕಿ ತೋರಿಸಿದ ಮೇಲೆ ಸುಮ್ಮನಾದ. ಈಗ ಹೊರಡುವ ಮುನ್ನ ಅವನೇ ಎಣಿಸುವುದು. ‘ಏಳು’ ಎನ್ನುವವರೆಗೆ ಮಗ ಗಾಡಿ ಚಾಲೂ ಮಾಡುವಂತಿಲ್ಲ. ಹಿಂದಿನ ಸಾಲು ಯಾರಿಗೂ ಶಾಶ್ವತವಲ್ಲ: ಹೋಗುವಾಗ ಸೊಸೆ ಅಲ್ಲಿ ಕೂತರೆ, ಬರುವಾಗ ಅವಳೇ ಗಾಡಿ ಓಡಿಸುತ್ತಾಳೆ, ಮಗ ಹಿಂದಕ್ಕೆ.

ಅಕ್ಕನ ಮನೆಗೆ

ಯಜಮಾನರ ಅಕ್ಕ ಶರಾವತಿ ಹಿನ್ನೀರಿನ ಆಚೆ, ತುಮರಿಯ ಕಡೆ ಇದ್ದಾರೆ. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ ಮೇಲೆ ಆ ಕಡೆಯವರಿಗೆ ಲಾಂಚೇ ಗತಿ. ಹೊಳೆಬಾಗಿಲಿನಲ್ಲಿ ಸಾಲಿನಲ್ಲಿ ಕಾಯಬೇಕು, ಗಾಡಿಯಿಂದ ಇಳಿದು ಹತ್ತಬೇಕು. ಮಂಡಿ ಕೈಕೊಟ್ಟ ಮೇಲೆ ಅಕ್ಕ-ತಮ್ಮ ಫೋನಿನಲ್ಲಿ ಮಾತ್ರ.

2025ರ ಜುಲೈನಲ್ಲಿ ಅಲ್ಲಿ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ತೆರೆಯಿತು. ದೀಪಾವಳಿಗೆ ನಾವು ಹೊರಟೆವು. ಪುಟ್ಟ ‘ಏಳು’ ಎಂದ. ಸೇತುವೆಯ ಮೇಲೆ ಯಜಮಾನರು ಕಿಟಕಿ ಇಳಿಸಿ, ಲಾಂಚು ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತಿತ್ತು ಎಂದು ಮಕ್ಕಳಿಗೆ ತೋರಿಸುತ್ತಾ ಬಂದರು. ಅಕ್ಕನ ಅಂಗಳದಲ್ಲಿ ಗಾಡಿ ನಿಂತಾಗ ಮಗ ಇಳಿಸಲೆಂದು ಓಡಿಬಂದ. “ಬೇಡ, ಇರು” ಎಂದು ಎರಡೂ ಕಾಲನ್ನು ಒಟ್ಟಿಗೆ ಹೊರಗಿಟ್ಟು ತಾವೇ ಎದ್ದು ನಿಂತರು. ಅಕ್ಕ ಜಗಲಿಯಿಂದಲೇ ಕೂಗಿದರು:

“ಅಯ್ಯೋ, ನೀನೂ ಬಂದೆಯಾ? ಮನೆ ಕಾಯುವವರು ಯಾರೋ?”

“ಬೀಗ ಹಾಕಿದ್ದೇವೆ” ಎಂದರು ಯಜಮಾನರು.