ಎರಡು ಹೊರಗೆ, ಎಂಟು ಒಳಗೆ

ವಾಡಿ ಜಂಕ್ಷನ್ನಿನಿಂದ ಚಿತ್ತಾಪುರ, ಸೇಡಂ ಮೇಲೆ ಹಾದು ಸಿಕಂದರಾಬಾದಿಗೆ ಹೋಗುವ ಹಳಿಯ ಮೇಲೆ ನನ್ನ ನೌಕರಿ ಕಳೆಯಿತು. ಯಾವ ಎಂಜಿನ್ನಿನ ಶಿಳ್ಳೆಗೂ ಮಗ್ಗಲು ಬದಲಿಸದ ನನ್ನನ್ನು ಈಗ ನಸುಕಿನಲ್ಲಿ ಒಂಬತ್ತು ಗಿನಿ ಕೋಳಿಗಳು ಎಬ್ಬಿಸುತ್ತವೆ. ಬೂದು ಮೈ, ಅದರ ತುಂಬ ಬಿಳಿ ಚುಕ್ಕಿ, ಬೋಳು ತಲೆಯ ಮೇಲೊಂದು ಕೊಂಬಿನಂಥ ಜುಟ್ಟು. ಮೂಲ ಆಫ್ರಿಕಾದ್ದು. ಮನೆಯಲ್ಲಿ ಸಾಕಿದರೂ ಅರ್ಧ ಕಾಡಿನ ಹಕ್ಕಿಯೇ. ಇದು ನನಗೆ ಗೊತ್ತಾಗಿದ್ದು ಒಂಬತ್ತು ಮರಿ ಕಳೆದುಕೊಂಡ ಮೇಲೆ.

ನಿವೃತ್ತಿಯಾದ ವರ್ಷ 14 ಮರಿ ತಂದಿದ್ದೆ. ಆರು ವಾರ ಸಾಕಿ, ಒಂದು ಬೆಳಿಗ್ಗೆ ಗೂಡಿನ ಬಾಗಿಲು ತೆರೆದೆ. ಜವಾರಿ ಕೋಳಿ ಹಾಗೆ ಅಂಗಳದಾಗೇ ಕೆದರಿಕೊಂಡು ಇರುತ್ತವೆ ಅಂತ ನನ್ನ ಲೆಕ್ಕ. ಹದಿನಾಲ್ಕೂ ಒಂದೇ ಉಂಡೆಯಾಗಿ ಉರುಳಿಕೊಂಡು ಪಕ್ಕದ ತೊಗರಿ ಹೊಲದೊಳಗೆ ಮಾಯವಾದವು. ದೀಪ ಹಚ್ಚುವ ಹೊತ್ತಿಗೆ ಐದು ಬಂದವು. ಎರಡರ ಪುಕ್ಕ ಬದುವಿನ ಮೇಲೆ ಸಿಕ್ಕವು, ಮುಂಗಲಿಯೋ ನಾಯಿಯೋ. ಉಳಿದ ಏಳರ ಸುದ್ದಿಯೇ ಇಲ್ಲ.

ಬೇಜಾರಾಗಿ ಆ ಐದನ್ನು ಚಿಂಚೋಳಿ ಕಡೆ ಇರುವ ತಂಗಿಯ ಮಗನಿಗೆ ಕೊಟ್ಟುಬಿಟ್ಟೆ. ಮರುವರ್ಷ ಅವನು ಅವುಗಳ ತತ್ತಿಯನ್ನೇ ಜವಾರಿ ಕೋಳಿಯ ಕಾವಿಗೆ ಇಟ್ಟು ಮರಿ ಮಾಡಿಸಿ, ಹತ್ತನ್ನು ಬುಟ್ಟಿಯಲ್ಲಿ ಹಾಕಿಕೊಂಡು ಬಂದ. ಜವಾರಿ ತತ್ತಿಗೆ 21 ದಿನ ಸಾಕು, ಇವಕ್ಕೆ 26ರಿಂದ 28 ದಿನ ಬೇಕು. ಹೆತ್ತ ಗಿನಿ ಕೋಳಿಯನ್ನು ನಂಬುವಂತಿಲ್ಲ. ಮಂಜು ಬಿದ್ದ ಹುಲ್ಲಿನಲ್ಲಿ ಮರಿಗಳನ್ನು ಎಳೆದುಕೊಂಡು ಹೋಗಿ, ಹಿಂದೆ ಬಿದ್ದವನ್ನು ತಿರುಗಿಯೂ ನೋಡುವುದಿಲ್ಲ. ಹಸಿ ಮೈಯಾದ ಎಳೆ ಮರಿ ಉಳಿಯುವುದು ಕಷ್ಟ.

ಅವನು ನನ್ನ ಕತೆ ಕೇಳಿ ನಕ್ಕ. "ಎಲ್ಲಾ ಒಮ್ಮಿಗೇ ಬಿಟ್ಟೀರಲ್ಲ ಮಾಮಾ. ಎರಡು ಬಿಡ್ರಿ, ಎಂಟು ಒಳಗಿರಲಿ. ಒಳಗಿನವು ಒದರತಾವ, ಹೊರಗಿನವು ಅವನ್ನ ಬಿಟ್ಟು ಎಲ್ಲಿ ಹೋಗ್ತಾವ?"

ಇಷ್ಟೇ ಗುಟ್ಟು. ಆದರೆ ಹಾಗೆ ಎರಡನ್ನು ಬಿಡುವ ಸಂಜೆಗೆ ಮೊದಲು ಮಾಡುವ ಕೆಲಸ ಬಹಳ ಇದೆ.

ನಮ್ಮ ಕಡೆಯವರಿಗೆ ಮೊದಲು ಹೇಳಬೇಕಾದ ಮಾತು ನೆಲದ್ದು. ಶಹಾಬಾದ ಸುತ್ತಮುತ್ತ ನೆಲಕ್ಕೂ ಫರಸಿ, ಗೋಡೆಗೂ ಫರಸಿ, ದನದ ಗೋದಲಿಗೂ ಫರಸಿ. ನುಣುಪು ಕಲ್ಲಿನ ಮೇಲೆ ಎಳೆ ಮರಿ ಬಿಟ್ಟರೆ ಕಾಲು ಎರಡೂ ಕಡೆ ಜಾರುತ್ತವೆ. ನಾಲ್ಕು ದಿನ ಹಾಗೇ ಜಾರಿದರೆ ಕಾಲು ಅಗಲಿ ಮರಿ ನಿಲ್ಲದಂತಾಗುತ್ತದೆ. ನಾನು ಹಳೇ ಗೋಣಿಚೀಲ ಹಾಸಿದೆ. ಉಗುರು ಸಿಕ್ಕಿಸಿಕೊಂಡು ನಡೆಯುವುದನ್ನು ಕಲಿತವು. ಕಾಲು ಹಿಡಿದು ಎತ್ತುವುದೂ ಬೇಡ, ಬಲು ಸೂಕ್ಷ್ಮ. ನೀರಿನ ತಟ್ಟೆಗೆ ಗೋಲಿಯಷ್ಟು ದೊಡ್ಡ ಹರಳು ತುಂಬಿಡಬೇಕು, ಇಲ್ಲದಿದ್ದರೆ ಬೆರಳುದ್ದ ನೀರಿನಲ್ಲೇ ಮುಳುಗಿ ಸಾಯುತ್ತವೆ. ಮೊದಲ ವಾರ ಸುಮಾರು 35 ಡಿಗ್ರಿ ಕಾವು, ಆಮೇಲೆ ವಾರಕ್ಕೆ ಮೂರು ಡಿಗ್ರಿ ಇಳಿಸುತ್ತ ಹೋಗುವುದು. ನಮ್ಮ ಬೇಸಿಗೆಯಲ್ಲಿ ಹಗಲಿಗೆ ಬಲ್ಬಿನ ಹಂಗೇ ಇಲ್ಲ, ನೆರಳಿನದೇ ಚಿಂತೆ. ಮೇವು ಮಾತ್ರ ಬರೀ ಜೋಳದ ನುಚ್ಚು ಆಗದು. ಶೇಕಡಾ 24ರಷ್ಟಾದರೂ ಪ್ರೋಟೀನ್ ಇರುವ ಮರಿ ಮೇವು ಬೇಕು.

ಎಂಟನೇ ವಾರಕ್ಕೆ ಮೈ ತುಂಬ ಪುಕ್ಕ ಬಂತು. ಅದಕ್ಕೆ ಎರಡು ವಾರ ಮೊದಲೇ ಬೇವಿನ ಗಿಡದ ಕೆಳಗೆ, ಗೂಡಿಗೆ ಹೊಂದಿಸಿ, ಜಾಳಿಗೆಯ ಆವರಣ ಮಾಡಿದ್ದೆ. ಮೇಲೂ ಜಾಳಿಗೆ, ಏಕೆಂದರೆ ಹದ್ದು ಮೇಲಿನಿಂದ ಬರುತ್ತದೆ. ಹಗಲೆಲ್ಲ ಅದರೊಳಗೆ ಕೂತು ಮನೆ, ಎಮ್ಮೆ, ನನ್ನ ಹೆಂಡತಿ ಬಟ್ಟೆ ಒಗೆಯುವ ಕಲ್ಲು, ಎಲ್ಲವನ್ನೂ ಕತ್ತು ಓರೆ ಮಾಡಿ ನೋಡಿದವು. ಮೇವು ಹಾಕುವಾಗಲೆಲ್ಲ ಡಬ್ಬಿಯಲ್ಲಿ ಸಜ್ಜೆ ಕುಲುಕಿಸುತ್ತಿದ್ದೆ. ವಾರದೊಳಗೆ ಡಬ್ಬಿಯ ಸಪ್ಪಳಕ್ಕೇ ಓಡಿ ಬರತೊಡಗಿದವು. ಹೆಂಡತಿಗೆ ಇದೆಲ್ಲ ತಮಾಷೆ. "ಮಕ್ಕಳಿಗಿ ಸಾಲಿ ಕಲಿಸ್ಲಿಲ್ಲ, ಕೋಳಿಗಿ ಕಲಿಸ್ಲಿಕತ್ತೀರಿ" ಅಂದಳು. ಡ್ಯೂಟಿಯ ನೆಪದಲ್ಲಿ ತಪ್ಪಿಸಿಕೊಂಡಿದ್ದು ನಿಜವೇ.

ಮೊದಲ ಸಂಜೆ ಮಳೆ ಇರಲಿಲ್ಲ, ಗಾಳಿ ಇರಲಿಲ್ಲ. ಮಧ್ಯಾಹ್ನದ ಮೇವು ಹಾಕಿರಲಿಲ್ಲ. ಹೊತ್ತು ಮುಳುಗಲು ಒಂದು ತಾಸು ಇರುವಾಗ ಎರಡನ್ನು ಹೊರಗೆ ಬಿಟ್ಟೆ. ನಾಲ್ಕು ಹೆಜ್ಜೆ ಹೋಗಿ ನಿಂತವು. ಒಳಗಿನ ಎಂಟು ಗದ್ದಲ ಎಬ್ಬಿಸಿದವು. ಗಂಡಿನದು ಒಂದೇ ಸ್ವರದ ಕರ್ಕಶ ಕೂಗು. ಹೆಣ್ಣಿಗೆ ಮಾತ್ರ ಎರಡು ಸ್ವರ, ಎರಡನೆಯದು ಮೇಲೇರುತ್ತದೆ. ನನ್ನ ಕಿವಿಗೆ ಅದು "ಬಾ-ಇತ್ತ, ಬಾ-ಇತ್ತ" ಅಂತಲೇ ಕೇಳುತ್ತದೆ. ಹೊರಗಿನ ಎರಡೂ ಜಾಳಿಗೆಯತ್ತ ಓಡಿ ಬಂದವು. ಬಾಗಿಲು ಮಾರಿನಷ್ಟು ದೂರದಲ್ಲಿ ತೆರೆದೇ ಇತ್ತು. ಅದು ಅವಕ್ಕೆ ಕಾಣಲಿಲ್ಲ! ಜಾಳಿಗೆಗೆ ಎದೆ ಒತ್ತಿ ಆ ಮೂಲೆಯಿಂದ ಈ ಮೂಲೆಗೆ, ಈ ಮೂಲೆಯಿಂದ ಆ ಮೂಲೆಗೆ. ಇಂಥ ದಡ್ಡ ಹಕ್ಕಿಯನ್ನು ನಾನು ಬೇರೆ ನೋಡಿಲ್ಲ. ಆಗ ಬೆನ್ನಟ್ಟಬಾರದು, ಬೆನ್ನಟ್ಟಿದರೆ ಹಾರುತ್ತವೆ. ಎರಡೂ ಕೈ ಅಗಲಿಸಿ, ಕುರಿ ಹೊಡೆದಂತೆ ನಿಧಾನಕ್ಕೆ ಬಾಗಿಲತ್ತ ನಡೆಸಿ ಡಬ್ಬಿ ಕುಲುಕಿಸಿದೆ. ಒಳಗೆ ಹೋದವು.

ಮರುದಿನವೂ ಅವೆರಡೇ. ಆಮೇಲೆ ನಾಲ್ಕು, ಆರು. ಹತ್ತನ್ನೂ ಒಟ್ಟಿಗೆ ಬಿಡುವಷ್ಟರಲ್ಲಿ ಎರಡು ವಾರ ಹಿಡಿಯಿತು. ಕತ್ತಲೆಯ ಗೂಡಿನೊಳಗೆ ಇವು ಕಾಲಿಡುವುದಿಲ್ಲ, ಅದಕ್ಕೆ ಸಂಜೆ ಒಳಗೆ ಸಣ್ಣ ಬಲ್ಬು ಹಚ್ಚಿಡುತ್ತೇನೆ. ಒಂದು ರಾತ್ರಿ ಕರೆಂಟು ಹೋಗಿತ್ತು, ಒಂದು ಬೇವಿನ ಗಿಡ ಏರಿ ಕೂತಿತು. ಬೆಳಿಗ್ಗೆ ಇರಲಿಲ್ಲ. ಹಿಂದಿನ ದಿನ ಗೂಬೆ ಕೂಗಿದ್ದನ್ನು ಕೇಳಿದ್ದೆ. ನನ್ನ ಅಳಿಯನ ಊರು 2011ರಲ್ಲಿ ಘೋಷಣೆಯಾದ ಚಿಂಚೋಳಿ ವನ್ಯಧಾಮದ ಮಗ್ಗುಲಲ್ಲಿದೆ, ಅಲ್ಲಿ ತೋಳ, ಕತ್ತೆಕಿರುಬ, ನರಿಯ ಕಾಟ. ಅವನು ಒಂದು ಬಾಕಿ ಇದ್ದರೂ ಬ್ಯಾಟರಿ ಹಿಡಿದು ಹುಡುಕದೆ ಮಲಗುವುದಿಲ್ಲ.

ಇಷ್ಟು ತ್ರಾಸು ಯಾಕೆ ಅಂತ ಕೇಳುವವರಿದ್ದಾರೆ. ಒರಲಿ, ಮಿಡತೆ, ದನದ ಉಣ್ಣೆ ಇವಕ್ಕೆ ಹಬ್ಬದೂಟ. ಹಾವು ಕಂಡರೆ ಸುತ್ತುವರಿದು ಊರಿಗೆಲ್ಲ ಸಾರುತ್ತವೆ. ಬರೇಲಿ ಹತ್ತಿರದ ಇಜ್ಜತ್‌ನಗರದ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆ ನಮ್ಮ ಹವೆಗೆ ಕಾದಂಬರಿ, ಚಿತಂಬರಿ, ಶ್ವೇತಾಂಬರಿ ಎಂಬ ತಳಿಗಳನ್ನೇ ರೂಪಿಸಿದೆ. ನನ್ನ ಚುಕ್ಕಿಯವು ಕಾದಂಬರಿಯ ಬಣ್ಣದವು.

ಇನ್ನೊಂದು ಭಯ ಬಾಕಿ ಇದೆ. ಜುಲೈನಲ್ಲಿ ಹುಟ್ಟಿದ ಮರಿ ಹೊಲ ಮೇಯಲು ಶುರು ಮಾಡುವ ಹೊತ್ತಿಗೆ ತೊಗರಿ ಹೂವಿಗೆ ಬರುತ್ತದೆ, ಕಾಯಿಕೊರಕ ಹುಳಕ್ಕೆ ಎಣ್ಣೆ ಹೊಡೆಯುವ ಕಾಲ. ವಿಷ ಉಂಡ ಹುಳವನ್ನು ಇವು ಹೆಕ್ಕಿ ತಿನ್ನುತ್ತವೆ. ಹೊಲದವರನ್ನು ಎಣ್ಣೆ ಹೊಡೆಯಬೇಡಿ ಅನ್ನಲಾರೆ, ಬೆಳೆ ಅವರದು. ಹಿಂದಿನ ಸಂಜೆ ಒಂದು ಮಾತು ಹೇಳಿ, ಸಾಕು. ಅಷ್ಟು ದಿನ ನಾವು ನಮ್ಮ ಕೋಳಿ ಜಾಳಿಗೆಯೊಳಗೇ ಇಟ್ಟುಕೊಳ್ಳುತ್ತೇವೆ.