ನೀರಿಗೆ ಅಂಜದ ಲೇಖನಿ

ಒಂದು ಲೇಖನಿಯ ಆಯ್ಕೆಯನ್ನು ಕುರಿತು ಕನ್ನಡ ಅಧ್ಯಾಪಕನೊಬ್ಬ ಪತ್ರಿಕೆಯ ಅರ್ಧ ಪುಟವನ್ನು ತುಂಬಿಸಲು ಹೊರಟರೆ, ಈತನಿಗೆ ಬರೆಯಲು ಬೇರೆ ವಿಷಯ ಸಿಗಲಿಲ್ಲವೇ ಎಂದು ವಾಚಕರು ಕೇಳಬಹುದು. ನಮ್ಮ ಮನೆಯಲ್ಲಿ ಈ ಪ್ರಶ್ನೆಯನ್ನು ಈಗಾಗಲೇ ಕೇಳಿಯಾಗಿದೆ. ಮೇಜಿನ ಖಾನೆಯಲ್ಲಿ ಬಿದ್ದುಕೊಂಡಿರುವ ನಲವತ್ತಕ್ಕೆ ಮಿಕ್ಕಿದ ಪೆನ್ನುಗಳನ್ನು ತೋರಿಸಿ, ‘ಇಷ್ಟರಲ್ಲಿ ಒಂದೂ ಬರೆಯುವುದಿಲ್ಲವೇ?’ ಎಂದು ನನ್ನಾಕೆ ವಿಚಾರಿಸುತ್ತಾಳೆ. ಬರೆಯುತ್ತವೆ. ಬರೆದದ್ದು ಉಳಿಯುತ್ತದೆಯೇ, ಉಳಿದದ್ದನ್ನು ಓದಲು ಬರುತ್ತದೆಯೇ ಎಂಬುದಷ್ಟೇ ನನ್ನ ತಕರಾರು.

ಈ ತಕರಾರಿಗೆ ಒಂದು ಕಾರಣವುಂಟು. ಹನ್ನೆರಡು ವರ್ಷಗಳ ಹಿಂದೆ ಹಡಗಲಿ ತಾಲ್ಲೂಕಿನ ಒಂದು ಹಳ್ಳಿಗೆ, ಮೈಲಾರಲಿಂಗನ ಒಕ್ಕಲಿನ ಒಬ್ಬ ವೃದ್ಧ ಗೊರವಯ್ಯನ ಹಾಡುಗಳನ್ನು ಬರೆದುಕೊಳ್ಳಲು ರಜೆಯ ದಿನಗಳಲ್ಲಿ ಹೋಗುತ್ತಿದ್ದೆ. ಧ್ವನಿ ಹಿಡಿಯುವ ಯಂತ್ರವನ್ನು ಮುಂದಿಟ್ಟರೆ ಆತ ಬಾಯಿ ತೆರೆಯುತ್ತಿರಲಿಲ್ಲ. ಕಂಬಳಿಯ ಮೇಲೆ ಕುಳಿತು, ಡಮರುಗವನ್ನು ಮೆಲ್ಲನೆ ನುಡಿಸುತ್ತ, ನನ್ನ ಕೈ ಓಡುವಷ್ಟೇ ವೇಗದಲ್ಲಿ ಹಾಡುತ್ತಿದ್ದ. ನನ್ನ ಕೈಯಲ್ಲಿದ್ದುದು ತಂದೆಯವರು ಬಳಸಿದ್ದ ಮಸಿಪೆನ್ನು. ಅದರ ಬಗೆಗೆ ನನಗೆ ಒಂದು ಬಗೆಯ ಹಮ್ಮು ಇತ್ತೆಂದು ಒಪ್ಪಿಕೊಳ್ಳುತ್ತೇನೆ. ಶ್ರಾವಣದ ಒಂದು ಸಂಜೆ ಬಸ್ಸು ತಪ್ಪಿ, ಮಳೆಯಲ್ಲಿ ಎರಡು ಮೈಲಿ ನಡೆದು ಬಂದು ಚೀಲ ಬಿಚ್ಚಿದಾಗ ಹನ್ನೊಂದು ಪುಟಗಳು ನೀಲಿಯ ಮೋಡವಾಗಿದ್ದವು. ದೀಪಾವಳಿ ಕಳೆದ ಮೇಲೆ ಮತ್ತೆ ಬರೆದುಕೊಂಡರಾಯಿತೆಂದು ಸಮಾಧಾನ ಮಾಡಿಕೊಂಡೆ. ದೀಪಾವಳಿಗೆ ಮೊದಲೇ ಗೊರವಯ್ಯ ತೀರಿಕೊಂಡ.

ನಮ್ಮ ಹಿರಿಯರು ಈ ವಿಷಯದಲ್ಲಿ ನನಗಿಂತ ಬುದ್ಧಿವಂತರು. ಓಲೆಗರಿಯ ಮೇಲೆ ಕಂಠದಿಂದ ಅಕ್ಷರವನ್ನು ಕೊರೆದು ಆಮೇಲೆ ಕಾಡಿಗೆ ಸವರುತ್ತಿದ್ದರು. ಕಪ್ಪು ಹೋದರೂ ಗೀರು ಉಳಿಯುತ್ತಿತ್ತು. ಮತ್ತೆ ಸವರಿದರೆ ಅಕ್ಷರ ಮತ್ತೆ ಎದ್ದು ಬರುತ್ತಿತ್ತು. ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದವರಿಗೆ, ಅದನ್ನು ಒರೆಸಬಹುದೆಂಬ ಅರಿವು ಬರೆಯುವಾಗಲೇ ಇತ್ತು. ನಾನಾದರೋ ಒರೆಸಿಹೋಗುವುದರಲ್ಲಿ ಬರೆದು, ಕೊರೆದಿಟ್ಟೆನೆಂದು ನಂಬಿಕೊಂಡೆ.

ಅಂದಿನಿಂದ ಬಾಲ್ ಪೆನ್ನಿಗೆ ಶರಣಾದೆ. ಹಂಗೆರಿಯ ಲಾಸ್ಲೋ ಬೀರೋ 1938ರಲ್ಲಿ ಹಕ್ಕುಪತ್ರ ಪಡೆದ ಈ ಸಾಧನದಲ್ಲಿ ಮಸಿ ಎಣ್ಣೆಯಂಥದು. ನೀರಿಗೆ ಜಗ್ಗದು, ನಿಜ. ಆದರೆ ಒತ್ತಿ ಬರೆಯಬೇಕು. ಮೂರನೆಯ ಪುಟಕ್ಕೆ ಮಣಿಕಟ್ಟು ನೋಯುತ್ತದೆ. ಅಲ್ಲಲ್ಲಿ ಮಸಿಯ ಗಡ್ಡೆ ಕಟ್ಟುತ್ತದೆ. ಇದಕ್ಕಿಂತ ದೊಡ್ಡ ಸಂಕಟ ಇನ್ನೊಂದು. ಬೇರೊಬ್ಬ ಹಾಡುಗಾರನಿಂದ ಬರೆದುಕೊಂಡ ಒಂದು ಸಾಲಿನಲ್ಲಿ ದೇವರು ಭಕ್ತನಿಗೆ ಕೊಟ್ಟದ್ದು ‘ದನ’ವೋ ‘ಧನ’ವೋ ಎಂಬುದು ಇಂದಿಗೂ ನನಗೆ ತಿಳಿಯದು. ನಮ್ಮ ಭಾಗದ ಆಡುಮಾತಿನಲ್ಲಿ ಮಹಾಪ್ರಾಣಕ್ಕೆ ಜಾಗ ಕಡಿಮೆ. ಕಿವಿಗೆ ಎರಡೂ ‘ದನ’ವೇ. ಅಂದು ಅರ್ಥವನ್ನು ಕೇಳಿ ತಿಳಿದುಕೊಂಡೇ ಅಕ್ಷರದ ಬುಡವನ್ನು ಸೀಳಿದ್ದೆನೋ, ಸೀಳದೆ ಬಿಟ್ಟಿದ್ದೆನೋ! ದಪ್ಪ ಗೆರೆ ಆ ಜಾಗವನ್ನು ಮಸಿಯಿಂದ ಮುಚ್ಚಿಬಿಟ್ಟಿದೆ. ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿ ಇದೇ ದಪ್ಪ ಗೆರೆ ಎಷ್ಟೋ ಕಾಗುಣಿತದ ತಪ್ಪುಗಳಿಗೆ ಆಶ್ರಯ ಕೊಟ್ಟಿದೆ. ಸಂಶಯದ ಲಾಭವನ್ನು ನಾನು ಅವರಿಗೇ ಬಿಡುತ್ತ ಬಂದಿದ್ದೇನೆ.

ಕನ್ನಡದ ಬರವಣಿಗೆಗೆ ಸಣ್ಣ ಮೊನೆ ಬೇಕೆಂಬುದು ಹೀಗೆ ನನಗೆ ಮನದಟ್ಟಾಯಿತು. ನಮ್ಮ ಲಿಪಿಯಲ್ಲಿ ಸಾಲಿನ ಕೆಳಗೆ ಇನ್ನೊಂದು ಸಾಲೇ ನಡೆದಿರುತ್ತದೆ. ‘ರಾಷ್ಟ್ರ’ ಎಂದು ಬರೆದು ನೋಡಿ: ಷಕಾರದ ಅಡಿಯಲ್ಲಿ ಟಕಾರ, ಅದರ ಬಗಲಿಗೆ ರಕಾರ ತೂಗಬೇಕು. ಮೊನೆ ದಪ್ಪವಾದರೆ ಒತ್ತಕ್ಷರಗಳು ಒಂದರ ಮೇಲೊಂದು ಬಿದ್ದ ಇರುವೆಗಳಂತೆ ಕಾಣುತ್ತವೆ. ನೂರಾರು ಗೆರೆಗಳ ಹೆಣಿಗೆಯಾದ ಲಿಪಿಯಿರುವ ಜಪಾನಿನಲ್ಲಿ ಅತಿ ಸಣ್ಣ ಮೊನೆಯ ಪೆನ್ನುಗಳು ಬೆಳೆದದ್ದು ನನಗೆ ಸಹಜವೆಂದೇ ತೋರುತ್ತದೆ. ಜೆಲ್ ಮಸಿಯನ್ನು 1984ರಲ್ಲಿ ಪೇಟೆಗೆ ತಂದದ್ದು ಒಸಾಕಾದ ಸಕುರಾ ಸಂಸ್ಥೆ. ಅದರ ಗುಟ್ಟು ಸೊಗಸಾಗಿದೆ. ಮಸಿ ನೀರಿನದೇ, ಆದರೆ ಗೋಂದಿನಂಥ ವಸ್ತುವೊಂದನ್ನು ಸೇರಿಸಿ ಅದನ್ನು ಗಟ್ಟಿ ಮಾಡಿರುತ್ತಾರೆ. ಮೊನೆಯ ಗುಂಡು ಉರುಳಿದಾಗ ಅದು ತೆಳುವಾಗಿ ಹರಿಯುತ್ತದೆ, ಗುಂಡು ನಿಂತೊಡನೆ ಮತ್ತೆ ಹೆಪ್ಪುಗಟ್ಟುತ್ತದೆ. ಒತ್ತುವ ಶ್ರಮವಿಲ್ಲ. ಬಣ್ಣವು ನೀರಿನಲ್ಲಿ ಕರಗುವ ಜಾತಿಯದಾಗಿರದೆ ಸೂಕ್ಷ್ಮ ಕಣಗಳ ಜಾತಿಯದಾಗಿದ್ದರೆ, ಒಣಗಿದ ಮೇಲೆ ಮಳೆಗೂ ಅಳುಕುವುದಿಲ್ಲ. ಎಲ್ಲ ಜೆಲ್ ಪೆನ್ನುಗಳೂ ಈ ಎರಡನೆಯ ಜಾತಿಯವಲ್ಲ ಎಂಬುದನ್ನು ಮಾತ್ರ ಅಂಗಡಿಯವರು ಹೇಳುವುದಿಲ್ಲ.

ಆದ್ದರಿಂದ ಪರೀಕ್ಷೆಯನ್ನು ನಾನೇ ನಡೆಸಬೇಕಾಯಿತು. ಕೂಡ್ಲಿಗಿಯ ಬಸ್ ನಿಲ್ದಾಣದ ಬಳಿ ಕೊಂಡದ್ದು, ಕೊಟ್ಟೂರಿನ ತೇರುಬೀದಿಯಲ್ಲಿ ಕೊಂಡದ್ದು, ಹಗರಿಬೊಮ್ಮನಹಳ್ಳಿಯಲ್ಲಿ ರೈಲಿಗೆ ಕಾಯುವಾಗ ಕೊಂಡದ್ದು, ಹಡಗಲಿಯಲ್ಲಿ ಮಲ್ಲಿಗೆಯ ಜೊತೆಗೆ ಕೊಂಡದ್ದು – ಎಲ್ಲದರಿಂದಲೂ ಕಾಗದದ ಪಟ್ಟಿಗಳ ಮೇಲೆ ‘ಧನ’, ‘ರಾಷ್ಟ್ರ’, ‘ಕೊಟ್ಟೂರೇಶ್ವರ’ ಎಂದು ಬರೆದು, ರಾತ್ರಿಯಿಡೀ ಬೋಗುಣಿಯ ನೀರಿನಲ್ಲಿ ನೆನೆಹಾಕುತ್ತಿದ್ದೆ. ಕುಂ. ವೀರಭದ್ರಪ್ಪನವರು ಹುಟ್ಟಿದ ಕೊಟ್ಟೂರಿನಲ್ಲಿ ಒಳ್ಳೆಯ ಲೇಖನಿಗೆ ಬರವಿರಲಾರದೆಂಬ ನನ್ನ ಎಣಿಕೆ ತಲೆಕೆಳಗಾಯಿತು. ಅಲ್ಲಿ ಕೊಂಡದ್ದು ಬೆಳಗಾಗುವುದರೊಳಗೆ ಬೋಗುಣಿಯನ್ನೇ ನೀಲಿ ಮಾಡಿತ್ತು.

ಅಂಗಡಿಗಳಲ್ಲಿ ಪೆನ್ನು ನೋಡಲೆಂದು ಇಟ್ಟಿರುವ ಕಾಗದದ ಚೂರು ಒಂದು ಸ್ವಾರಸ್ಯದ ದಾಖಲೆ. ಹುಡುಗರು ತಮ್ಮ ಸಹಿಯನ್ನು ಗೀಚುತ್ತಾರೆ, ಮುದುಕರು ‘ಶ್ರೀ’ ಬರೆಯುತ್ತಾರೆ, ಉಳಿದವರು ಸುರುಳಿ ಸುತ್ತುತ್ತಾರೆ. ಒತ್ತಕ್ಷರವಿರುವ ಒಂದು ಪದವನ್ನು ಬರೆದು ನೋಡುವವರನ್ನು ನಾನು ಕಂಡಿಲ್ಲ. ಪೆನ್ನಿಗೆ ನಿಜವಾದ ಪರೀಕ್ಷೆ ಅದೇ.

ಕೊನೆಗೆ ದೊರೆತದ್ದು ಹರಪನಹಳ್ಳಿಯಲ್ಲಿ. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, 2018ರಲ್ಲಿ ಮತ್ತೆ ಬಳ್ಳಾರಿಗೆ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿದ ಈ ಊರಿನಲ್ಲಿ, ಫಲಕದ ಮೇಲೆ ಜಿಲ್ಲೆಯ ಹೆಸರಿಗೆ ಪದೇ ಪದೇ ಬಣ್ಣ ಬಳಿದ ಒಂದು ಅಂಗಡಿ. ಚಿತ್ರಕಲೆಯ ಸಾಮಾನುಗಳ ಹಿಂದೆ, ಧೂಳು ಹಿಡಿದ ಡಬ್ಬಿಯಲ್ಲಿ, 0.38 ಗಾತ್ರದ ಮೂರು ಯೂನಿಬಾಲ್ ಸಿಗ್ನೋ ಪೆನ್ನುಗಳಿದ್ದವು. ‘ಇದು ಬರೆದರೆ ಕೂದಲೆಳೆಯಂಗ ಬೀಳ್ತದ, ಯಾರೂ ಒಯ್ಯಂಗಿಲ್ರೀ’ ಎಂದ ಅಂಗಡಿಯವನಿಂದ ಮೂರನ್ನೂ ತೆಗೆದುಕೊಂಡೆ. ರಾತ್ರಿ ನೆನೆಹಾಕಿದ ಪಟ್ಟಿಯಲ್ಲಿ ಬೆಳಿಗ್ಗೆ ಧಕಾರದ ಸೀಳು ಹಾಗೆಯೇ ಇತ್ತು, ರಾಷ್ಟ್ರದ ಒತ್ತುಗಳು ಬಿಡಿಬಿಡಿಯಾಗಿ ನಿಂತಿದ್ದವು. ನನ್ನಾಕೆಯನ್ನು ಕರೆದು ತೋರಿಸಿದೆ. ಬೋಗುಣಿ ಇನ್ನಾದರೂ ಅಡುಗೆಮನೆಗೆ ಬರುವುದೇ ಎಂದು ಆಕೆ ಕೇಳಿದಳು.

ದೋಷಗಳಿಲ್ಲವೆಂದಲ್ಲ. ಮೊನೆ ಕೆಳಗಾಗಿ ಒಮ್ಮೆ ಬಿದ್ದರೆ ಮುಗಿಯಿತು. ಒರಟು ಕಾಗದವನ್ನು ಕೆರೆಯುತ್ತದೆ. ಮಲಗಿಕೊಂಡು ಮೇಲ್ಮುಖವಾಗಿ ಬರೆಯಲು ಹೋದರೆ ಮುನಿಯುತ್ತದೆ. ಮಸಿ ಬೇಗ ಖರ್ಚಾಗುತ್ತದೆ. ಹಾಜರಿ ಪುಸ್ತಕಕ್ಕೆ, ಅಂಕಪಟ್ಟಿಗೆ, ದಿನದ ಚೀಟಿ ಚಪಾತಿಗೆ ಹತ್ತು ರೂಪಾಯಿಯ ಅರ್ಧ ಮಿಲಿಮೀಟರಿನ ಜೆಲ್ ಪೆನ್ನೇ ಸಾಕೆಂದು ಗೊತ್ತುಮಾಡಿಕೊಂಡು, ಇದನ್ನು ಹಾಡಿನ ಪುಸ್ತಕಕ್ಕೆ ಮೀಸಲಿಟ್ಟಿದ್ದೇನೆ. ತಂದೆಯವರ ಮಸಿಪೆನ್ನನ್ನು ತೊಳೆದು ಒಣಗಿಸಿ ಎತ್ತಿಟ್ಟಿದ್ದೇನೆ. ಅದರ ಮೇಲೆ ನನಗೆ ಸಿಟ್ಟಿಲ್ಲ.

ಕಳೆದ ಭರತ ಹುಣ್ಣಿಮೆಯ ಸುಮಾರಿಗೆ ಮೈಲಾರದ ಕಾರಣಿಕ ಕೇಳಿ ಹಿಂದಿರುಗುವಾಗ ಆ ಹಳ್ಳಿಗೆ ಮತ್ತೆ ಹೋದೆ. ಗೊರವಯ್ಯನ ಮೊಮ್ಮಗಳು ಈಗ ಎರಡು ಮಕ್ಕಳ ತಾಯಿ. ಅಜ್ಜನ ಹಾಡುಗಳಲ್ಲಿ ಒಂದು ತನಗೆ ಬರುತ್ತದೆಂದು, ಒಲೆಯ ಮುಂದೆ ರೊಟ್ಟಿ ತಟ್ಟುತ್ತಲೇ ಹೇಳಿದಳು. ಅವಳ ಕೈಯ ಸದ್ದಿಗೆ ಹಾಡು ಸರಿಯಾಗಿ ಕೂಡುತ್ತಿತ್ತು. ನೀಲಿಯ ಮೋಡವಾಗಿದ್ದ ಪುಟಗಳಲ್ಲಿ ಮೂರನೆಯದು ಅದೆಂದು ಪಲ್ಲವಿಯಿಂದಲೇ ಗುರುತು ಹಿಡಿದೆ. ಬರೆಯುತ್ತ ಹೋದೆ. ನಡುವೆ ಎಲ್ಲಿಯೋ ತಡೆದಳು. ಹಿಂದಿನಿಂದ ಹೇಳಿ ನೋಡಿದಳು. ಮತ್ತೆ ಅಲ್ಲಿಯೇ ತಡೆದಳು. ‘ಇಲ್ಲೊಂದೆರಡು ಮಾತು ಇದ್ವು’ ಎಂದಳು. ಪುಸ್ತಕದಲ್ಲಿ ಎರಡು ಸಾಲಿನ ಜಾಗ ಬಿಟ್ಟು ಮುಂದಿನದನ್ನು ಬರೆದುಕೊಂಡೆ.