ಪಂಚಮಿ ಉಂಡಿ: ತವರಿನ ಪಾಲು

ಅಣ್ಣ-ತಂಗಿಯರ ಹಬ್ಬವೆಂದರೆ ಈಗ ಬಹುಪಾಲು ಜನರಿಗೆ ಶ್ರಾವಣ ಹುಣ್ಣಿಮೆಯ ರಾಖಿ ನೆನಪಾಗುತ್ತದೆ. ವಿಜಯಪುರ ಜಿಲ್ಲೆಯ ತಿಕೋಟಾ ತಾಲ್ಲೂಕಿನ ಕಳ್ಳಕವಟಗಿಯ ಸೀಮೆಯಲ್ಲಿ ಆ ಹಬ್ಬ ಹತ್ತು ದಿನ ಮೊದಲೇ ಬರುತ್ತದೆ. ಅದು ನಾಗರ ಪಂಚಮಿ. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಬರೀ ‘ಪಂಚಮಿ’. ಗಂಡನ ಮನೆಯಲ್ಲಿರುವ ಮಗಳನ್ನು ಅಣ್ಣನೋ ತಮ್ಮನೋ ಹೋಗಿ ಕರೆತರಬೇಕು. ಆಕೆ ಗೆಳತಿಯರೊಂದಿಗೆ ಜೋಕಾಲಿ ಜೀಕಬೇಕು. ಮರಳುವಾಗ ಉಂಡಿಯ ಬುತ್ತಿ ಒಯ್ಯಬೇಕು. ಬರಲಾಗದವಳಿಗೆ ಬುತ್ತಿಯನ್ನಾದರೂ ಕಳಿಸಬೇಕು.

ಹೋಳಿಗೆ, ಕರಿಗಡಬು ಬಲ್ಲ ನಾಡಿನಲ್ಲಿ ಈ ಹಬ್ಬಕ್ಕೆ ಉಂಡಿಯೇ ಏಕೆ? ಉತ್ತರ ಹಬ್ಬದ ಕಟ್ಟಳೆಯಲ್ಲಿದೆ. ಪಂಚಮಿಯಂದು ಅನೇಕ ಮನೆಗಳಲ್ಲಿ ಒಲೆಯ ಮೇಲೆ ಹಂಚು ಇಡುವುದಿಲ್ಲ. ಹುರಿಯುವುದು, ಕರಿಯುವುದು, ಹೆಚ್ಚುವುದು ಇಲ್ಲ. ಹೊಲದಲ್ಲಿ ನೇಗಿಲು ಹೂಡುವುದೂ ಇಲ್ಲ. ನಾಗರಕ್ಕೆ ನೋವಾದೀತೆಂಬುದು ನಂಬಿಕೆ. ಆವಿಯಲ್ಲಿ ಬೆಂದ ಕಡಬು ನಡೆಯುತ್ತದೆ. ಉಳಿದದ್ದೆಲ್ಲ ಮೊದಲೇ ಸಿದ್ಧವಾಗಿರಬೇಕು, ನಾಲ್ಕು ದಿನ ಕೆಡದೆ ಇರಬೇಕು, ಬುತ್ತಿಯಲ್ಲಿ ದೂರ ಸಾಗಬೇಕು. ಈ ಮೂರಕ್ಕೂ ಒದಗುವ ಸಿಹಿ ಉಂಡಿ.

ಮಗಳು ಉಳಿಸಿದ ಮನೆ

ಕಟ್ಟಳೆಯ ಹಿಂದೊಂದು ಕಥೆಯಿದೆ. ಗಡಿಯ ಎರಡೂ ಬದಿಯಲ್ಲಿ ಅದನ್ನು ಹೇಳುತ್ತಾರೆ. ರೈತನೊಬ್ಬನ ನೇಗಿಲಿಗೆ ಸಿಕ್ಕು ಹಾವಿನ ಮರಿಗಳು ಸಾಯುತ್ತವೆ. ಸಿಟ್ಟಿಗೆದ್ದ ತಾಯಿ ನಾಗಿಣಿ ಅವನ ಮನೆಮಂದಿಯನ್ನೆಲ್ಲ ಕಚ್ಚಿ, ಬೇರೆ ಊರಿಗೆ ಕೊಟ್ಟ ಮಗಳನ್ನೂ ಹುಡುಕಿ ಹೋಗುತ್ತಾಳೆ. ಅಲ್ಲಿ ಆ ಮಗಳು ನಾಗಪ್ಪನ ಪೂಜೆಗೆ ಕುಳಿತು ಹಾಲೆರೆಯುತ್ತಿರುತ್ತಾಳೆ. ನಾಗಿಣಿ ಕರಗಿ, ಅವಳ ತವರನ್ನೆಲ್ಲ ಬದುಕಿಸುತ್ತಾಳೆ. ಕಥೆಯ ತಿರುಳು ಸ್ಪಷ್ಟ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎನ್ನುತ್ತಾರೆ. ಆದರೆ ಕುಲ ಉಳಿಸಿದವಳು ಅವಳೇ. ಪಂಚಮಿಗೆ ಅವಳನ್ನು ಕರೆಯುವುದು ಉಪಕಾರವಲ್ಲ, ಋಣ.

ಹಳೇ ಮೈಸೂರಿನ ಕಡೆ ಇದೇ ಹಬ್ಬದಲ್ಲಿ ಅಕ್ಕತಂಗಿಯರು ಸೋದರರ ಬೆನ್ನಿಗೆ ಹಾಲು-ತುಪ್ಪದ ತನಿ ಎರೆಯುತ್ತಾರೆ. ಮಹಾರಾಷ್ಟ್ರದಲ್ಲಿ ಹಿಂದಿನ ದಿನ ಅಣ್ಣನಿಗಾಗಿ ಉಪವಾಸ ಮಾಡುವ ಹೆಂಗಸರಿದ್ದಾರೆ.

ಉಂಡಿ ಕಟ್ಟುವ ಬಗೆ

ರವೆ, ಬೇಸನ್, ಬುಂದಿಯ ಉಂಡಿಗಳಿಗೆ ಹುರಿತ, ಕರಿತ, ಪಾಕದ ಹದ ಬೇಕು. ಅವು ಹಬ್ಬಕ್ಕೆ ಮುನ್ನವೇ ಆಗುತ್ತವೆ. ಬೇಗ ಆಗುವವು ಬೇರೆ ಇವೆ. ಎಲ್ಲಕ್ಕಿಂತ ಸುಲಭವಾದದ್ದು ಪುಟಾಣಿಯ ತಂಬಿಟ್ಟು. ಎರಡು ಬಟ್ಟಲು ಪುಟಾಣಿ ಹಿಟ್ಟಿಗೆ ಒಂದು ಬಟ್ಟಲು ಪುಡಿ ಬೆಲ್ಲ, ತುಸು ಒಣಕೊಬ್ಬರಿ ತುರಿ, ಏಲಕ್ಕಿ ಕೂಡಿಸಿ, ಉಂಡೆ ನಿಲ್ಲುವಷ್ಟು ತುಪ್ಪ ಹಾಕಿ ಕಟ್ಟಿದರಾಯಿತು. ಪುಟಾಣಿ ಮೊದಲೇ ಹುರಿದ ಕಾಳು. ಆದ್ದರಿಂದ ಒಲೆಯ ಹಂಗಿಲ್ಲ.

ಶೇಂಗಾ ಉಂಡಿಗೆ ತುಪ್ಪವೂ ಬೇಡ. ಹುರಿದು ಆರಿಸಿ ಸಿಪ್ಪೆ ತೆಗೆದ ಶೇಂಗಾವನ್ನು ಅದರ ಅರ್ಧದಷ್ಟು ಬೆಲ್ಲದೊಂದಿಗೆ ಕುಟ್ಟಿದರೆ ಕಾಳಿನ ಎಣ್ಣೆಯೇ ಬಿಟ್ಟು ಹಿಡಿದುಕೊಳ್ಳುತ್ತದೆ. ಎಳ್ಳನ್ನು ಹೀಗೆಯೇ ಬೆಲ್ಲದೊಂದಿಗೆ ಕುಟ್ಟಿದರೆ ಚಿಗಳಿ. ಜೋಳದ ನಾಡಿನ ಸ್ವಂತ ಸಿಹಿ ಅಳ್ಳಿಟ್ಟು: ಜೋಳದ ಅಳ್ಳು ಹುರಿದಿಟ್ಟು, ಬೀಸಿ, ಬೆಲ್ಲ ಬೆರೆಸುವುದು. ದ್ರಾಕ್ಷಿ ತೋಟಗಳ ತಿಕೋಟಾ ಭಾಗದಲ್ಲಿ ಮೇಲೊಂದು ಒಣದ್ರಾಕ್ಷಿ ಒತ್ತಲು ಅಂಗಡಿಯವರೆಗೆ ಹೋಗಬೇಕಿಲ್ಲ.

ಒಂದು ಎಚ್ಚರಿಕೆ ಮುಖ್ಯ. ಹಿಟ್ಟು ಉದುರಾದರೆ ತುಪ್ಪ ಹಾಕಬೇಕೇ ಹೊರತು ನೀರು ಚಿಮುಕಿಸಬಾರದು. ನೀರಿನ ಪಸೆ ಇದ್ದರೆ ಮಳೆಗಾಲದಲ್ಲಿ ಉಂಡಿಗೆ ಬೂಸಲು ಬರುತ್ತದೆ.

ಉಂಡಿ ಮತ್ತು ಹೊಲ

ಹಿಂದೆ ತವರಿನಲ್ಲಿ ಹೆಣ್ಣಿಗಿದ್ದ ಪಾಲು ಹೆಚ್ಚುಕಡಿಮೆ ಇಷ್ಟೇ: ಸೀರೆ, ಕುಬಸ, ಬುತ್ತಿ. ಹೊಲ ಅಣ್ಣತಮ್ಮಂದಿರದು. ಕರ್ನಾಟಕ 1994ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು. ಆದರೆ ಅದಕ್ಕೂ ಮುನ್ನ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನು ಅಳಿಸಿತು. ಆದರೂ ಎಷ್ಟೋ ಅಕ್ಕತಂಗಿಯರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುತ್ತಾರೆ. ಪಾಲು ಕೇಳಿದರೆ ಪಂಚಮಿಗೆ ಕರೆಯುವವರು ಇಲ್ಲವಾದಾರೆಂಬ ಅಂಜಿಕೆ ಅವರದು.

ಉಂಡಿಯ ತೂಕ ಇಲ್ಲಿ ತಿಳಿಯುತ್ತದೆ. ಎಕರೆಗಟ್ಟಲೆ ಹೊಲವನ್ನು ಬಿಟ್ಟುಕೊಟ್ಟವಳು ಬುತ್ತಿಯನ್ನು ಬಿಟ್ಟುಕೊಡುವುದಿಲ್ಲ. ಕಾನೂನು ಕೊಟ್ಟದ್ದನ್ನು ಕೇಳಿದವಳಿಗೂ ಅದೇ ಅಕ್ಕರೆಯಿಂದ ಉಂಡಿ ಕಟ್ಟುವ ಮನೆಗಳು ಹೆಚ್ಚಬೇಕು. ಕಥೆಯಲ್ಲಿ ಮನೆ ಉಳಿಸಿದ ಮಗಳ ಋಣ ತೀರುವುದು ಆಗಲೇ.

ಚಕ್ಕಡಿ ಕಟ್ಟಿಕೊಂಡು ಹೋಗುತ್ತಿದ್ದ ಅಣ್ಣ ಈಗ ಮೋಟಾರ್ ಸೈಕಲ್ಲಿನಲ್ಲಿ ಹೋಗುತ್ತಾನೆ. ಡಬ್ಬಿಯಲ್ಲಿ ಪೇಟೆಯ ಉಂಡಿಯೂ ಇರಬಹುದು. ಆದರೂ ತಂಬಿಟ್ಟಿಗೆ ಬೇಕಾದದ್ದು ಅರ್ಧ ಗಂಟೆಯ ಬಿಡುವು. ಒಲೆ ಬೇಡದ ಆ ಕೆಲಸವನ್ನು ಅಣ್ಣತಮ್ಮಂದಿರೂ ಮಾಡಬಹುದು.